ಒಂದು ಅಕ್ಷರದ ಬದಲಾವಣೆ ಮತ್ತು ಎರಡು ಬಗೆಯ ಸೊಳ್ಳೆ: ಚಿಕೂನ್‌ಗುನ್ಯ ಊರಿಂದೂರಿಗೆ ಬೇರೆಯಾಗುವ ಬಗೆ

2006ರಲ್ಲಿ ಚಿಕೂನ್‌ಗುನ್ಯ ಜ್ವರ ಕರ್ನಾಟಕದ ಬಯಲುಸೀಮೆಯನ್ನು ಹಿಡಿದಾಗ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಆ ವರ್ಷ ಇಡೀ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 13.9 ಲಕ್ಷ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದವೇ ಆಗಿದ್ದವು. ಎರಡು ವರ್ಷ ಕಳೆದು, 2008ರಲ್ಲಿ, ಅದೇ ಜ್ವರ ದಕ್ಷಿಣ ಕನ್ನಡದ ಅಡಿಕೆ ಮತ್ತು ರಬ್ಬರ್ ತೋಟಗಳ ನಡುವಿನ ಹಳ್ಳಿಗಳಲ್ಲಿ ಹಬ್ಬಿತು. ರೋಗಿಯ ಪಾಲಿಗೆ ಎರಡೂ ಒಂದೇ ಆಗಿದ್ದವು: ಏಕಾಏಕಿ ಏರುವ ಜ್ವರ, ಮೈಮೇಲೆ ಕೆಂಪು ಗಂದೆ, ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಬಿಡದ ಮಂಡಿ, ಮಣಿಕಟ್ಟು, ಬೆರಳಿನ ಗಂಟುಗಳ ನೋವು. ಆದರೆ ಕರಾವಳಿಯ ರೋಗಿಗಳ ಮಾದರಿಗಳನ್ನು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, 2006ರಲ್ಲಿ ಭಾರತದಲ್ಲಿ ಹಬ್ಬಿದ್ದ ವೈರಾಣುವಿನಲ್ಲಿ ಇರದಿದ್ದ ಒಂದು ರೂಪಾಂತರ ಅವುಗಳಲ್ಲಿ ಕಂಡುಬಂದಿತು. ವೈರಾಣುಗಳು ಹೇಗೆ ಬದಲಾಗುತ್ತವೆ, ಬದಲಾದದ್ದು ಒಂದು ಕಡೆ ಬೇರೂರಿ ಇನ್ನೊಂದು ಕಡೆ ಏಕೆ ಬೇರೂರುವುದಿಲ್ಲ ಎಂಬುದನ್ನು ಅರಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಚಿಕೂನ್‌ಗುನ್ಯ ವೈರಾಣುವಿನ ಆನುವಂಶಿಕ ಮಾಹಿತಿಯೆಲ್ಲವೂ ಸುಮಾರು 11,800 ಅಕ್ಷರಗಳಷ್ಟು ಉದ್ದದ ಒಂದೇ ಒಂದು ಆರ್‌ಎನ್‌ಎ ಎಳೆಯಲ್ಲಿದೆ. ಅಕ್ಷರಗಳೆಂದರೆ ಇಲ್ಲಿ ಎ, ಯು, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಘಟಕಗಳು. ವೈರಾಣು ಜೀವಕೋಶದೊಳಗೆ ಸೇರಿದ ಮೇಲೆ ಈ ಎಳೆಯ ಪ್ರತಿಗಳನ್ನು ತೆಗೆಯುವ ಕೆಲಸ ಪಾಲಿಮರೇಸ್ ಎಂಬ ಕಿಣ್ವದ್ದು. ನಮ್ಮ ಜೀವಕೋಶಗಳು ಡಿಎನ್‌ಎ ನಕಲು ಮಾಡುವಾಗ ಬರೆದದ್ದನ್ನು ಮತ್ತೆ ಓದಿ ತಪ್ಪು ತಿದ್ದುವ ಏರ್ಪಾಡು ಇದೆ. ಬಹುತೇಕ ಆರ್‌ಎನ್‌ಎ ವೈರಾಣುಗಳ ಪಾಲಿಮರೇಸಿಗೆ ಆ ಏರ್ಪಾಡು ಇಲ್ಲ. ಸಾಮಾನ್ಯವಾಗಿ ಹತ್ತು ಸಾವಿರದಿಂದ ಹತ್ತು ಲಕ್ಷ ಅಕ್ಷರಗಳಿಗೆ ಒಂದರಂತೆ ಅವು ತಪ್ಪುತ್ತವೆ. ಕೊರೊನಾ ವೈರಾಣುಗಳು ಇದಕ್ಕೊಂದು ಅಪವಾದ: ಅವುಗಳ ಎಳೆ ಸುಮಾರು 30,000 ಅಕ್ಷರಗಳಷ್ಟು ಉದ್ದವಿರುವುದರಿಂದ, ತಪ್ಪು ತಿದ್ದುವ ಒಂದು ಪ್ರೋಟೀನನ್ನು ಅವು ತಾವೇ ಹೊತ್ತಿರುತ್ತವೆ. ಇನ್‌ಫ್ಲುಯೆಂಜಾ ವೈರಾಣುವಿನ ದಾರಿಯೇ ಬೇರೆ. ಅದರ ಆನುವಂಶಿಕ ಬರಹ ಎಂಟು ತುಂಡುಗಳಲ್ಲಿ ಇರುವುದರಿಂದ, ಎರಡು ತಳಿಗಳು ಒಂದೇ ಜೀವಕೋಶವನ್ನು ಹೊಕ್ಕಾಗ ತುಂಡುಗಳು ಅದಲುಬದಲಾಗಿ ಒಂದೇ ಏಟಿಗೆ ಹೊಸ ವೈರಾಣು ಹುಟ್ಟಬಹುದು. 1957, 1968 ಮತ್ತು 2009ರ ಜಾಗತಿಕ ಸಾಂಕ್ರಾಮಿಕಗಳ ಹಿಂದೆ ಇಂಥ ಅದಲುಬದಲು ಇತ್ತು. ಚಿಕೂನ್‌ಗುನ್ಯದಲ್ಲಿ ಅಂಥ ದೊಡ್ಡ ಜಿಗಿತವಿಲ್ಲ. ಅದು ಬದಲಾಗುವುದು ಒಂದೊಂದೇ ಅಕ್ಷರವಾಗಿ.

ಹಳೆಗನ್ನಡ ಕಾವ್ಯಗಳ ತಾಳೆಗರಿ ಪ್ರತಿಗಳನ್ನು ಬಲ್ಲವರಿಗೆ ಈ ಕ್ರಮ ಪರಿಚಿತ. ಲಿಪಿಕಾರನೊಬ್ಬ ಪ್ರತಿ ಮಾಡುವಾಗ ಒಂದು ಅಕ್ಷರ ತಪ್ಪಿದರೆ, ಆ ಪ್ರತಿಯನ್ನು ನೋಡಿ ಬರೆದ ಮುಂದಿನ ಪ್ರತಿಗಳಲ್ಲೆಲ್ಲ ಅದೇ ತಪ್ಪು ಉಳಿಯುತ್ತದೆ. ಹತ್ತಾರು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತು ಹಾಕುವ ಸಂಪಾದಕ, ಸಮಾನವಾದ ತಪ್ಪುಗಳ ಆಧಾರದ ಮೇಲೆ ಯಾವ ಪ್ರತಿ ಯಾವುದರಿಂದ ಬಂದಿತೆಂದು ವಂಶವೃಕ್ಷ ಕಟ್ಟುತ್ತಾನೆ. ವೈರಾಣು ವಿಜ್ಞಾನಿಗಳು ಮಾಡುವುದೂ ಇದನ್ನೇ. ಈ ವಿಧಾನದಿಂದಲೇ ಚಿಕೂನ್‌ಗುನ್ಯಕ್ಕೆ ಮುಖ್ಯವಾಗಿ ಮೂರು ವಂಶಗಳಿರುವುದು ತಿಳಿಯಿತು: ಪಶ್ಚಿಮ ಆಫ್ರಿಕಾದ್ದು, ಪೂರ್ವ-ಮಧ್ಯ-ದಕ್ಷಿಣ ಆಫ್ರಿಕಾದ್ದು ಮತ್ತು ಏಷ್ಯಾದ್ದು. 1963ರಲ್ಲಿ ಕಲ್ಕತ್ತದಲ್ಲಿ, ಮರುವರ್ಷ ಮದರಾಸಿನಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿಕೊಂಡ ವೈರಾಣು ಏಷ್ಯಾದ ವಂಶದ್ದು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸದ್ದಿಲ್ಲದೆ ಇದ್ದು 2005ರ ಕೊನೆಯಲ್ಲಿ ಮತ್ತೆ ಬಂದದ್ದು ಹಳೆಯದರ ಮರುಹುಟ್ಟಲ್ಲ. ಅದು ಪೂರ್ವ-ಮಧ್ಯ-ದಕ್ಷಿಣ ಆಫ್ರಿಕಾದ ವಂಶಕ್ಕೆ ಸೇರಿದ, ಹಿಂದೂ ಮಹಾಸಾಗರವನ್ನು ದಾಟಿ ಬಂದ ಹೊಸ ಅತಿಥಿ.

ರೂಪಾಂತರ ಎಂಬ ಮಾತು ಕೇಳಿದರೆ ಎಲ್ಲೋ ಒಮ್ಮೆ ನಡೆಯುವ ಅಪರೂಪದ ಘಟನೆ ಎನಿಸುತ್ತದೆ. ಕೋವಿಡ್ ಕಾಲದ ಸುದ್ದಿವಾಹಿನಿಗಳು ಈ ಭಾವನೆಯನ್ನು ಇನ್ನಷ್ಟು ಗಟ್ಟಿ ಮಾಡಿದವು. ಸರಳ ಲೆಕ್ಕವೊಂದು ಬೇರೆಯದನ್ನೇ ಹೇಳುತ್ತದೆ. 11,800 ಅಕ್ಷರಗಳಲ್ಲಿ ಪ್ರತಿಯೊಂದೂ ಉಳಿದ ಮೂರರಲ್ಲಿ ಯಾವುದಾದರೂ ಒಂದಕ್ಕೆ ಬದಲಾಗಬಹುದು ಎಂದಿಟ್ಟುಕೊಂಡರೆ, ಒಂದಕ್ಷರದ ಬದಲಾವಣೆಗಳು ಒಟ್ಟು ಸುಮಾರು 35,000 ಮಾತ್ರ. ಜ್ವರದ ಮೊದಲ ದಿನಗಳಲ್ಲಿ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಕೋಟಿಗಟ್ಟಲೆ ವೈರಾಣು ಕಣಗಳಿರಬಲ್ಲವು. ಅಂದರೆ ಸಾಧ್ಯವಿರುವ ಒಂದಕ್ಷರದ ಬದಲಾವಣೆಗಳಲ್ಲಿ ಬಹುಪಾಲು ಒಬ್ಬನೇ ರೋಗಿಯ ಮೈಯಲ್ಲಿ, ಒಂದೇ ವಾರದಲ್ಲಿ, ಮತ್ತೆ ಮತ್ತೆ ಹುಟ್ಟುತ್ತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ವೈರಾಣುವಿಗೇ ಹಾನಿ ಮಾಡಿ ಅಲ್ಲಿಯೇ ಅಳಿಯುತ್ತವೆ. ಹಲವು ಯಾವ ಪರಿಣಾಮವನ್ನೂ ಬೀರುವುದಿಲ್ಲ. ಉಳಿದ ಕೆಲವು ಅನುಕೂಲವಾಗಬಹುದಾದರೂ ಆ ಅನುಕೂಲ ಲೆಕ್ಕಕ್ಕೆ ಬರಬೇಕಾದರೆ ತಕ್ಕ ಪರಿಸರ ಬೇಕು. ನನ್ನ ತಿಳಿವಳಿಕೆಯಲ್ಲಿ ಇಡೀ ವಿಷಯದ ತಿರುಳು ಇಷ್ಟೇ: ಬದಲಾವಣೆ ಅಗ್ಗದ್ದು, ಅದಕ್ಕೆ ಸಲ್ಲುವ ಜಾಗ ದುಬಾರಿಯದು.

ಸೊಳ್ಳೆಯಿಂದ ಹರಡುವ ವೈರಾಣುವಿಗೆ ಈ ಕಟ್ಟುಪಾಡು ಇನ್ನೂ ಬಿಗಿ. ಅದು ಮನುಷ್ಯನ ಬಿಸಿ ಮೈಯಲ್ಲಿಯೂ ಬೆಳೆಯಬೇಕು, ಸೊಳ್ಳೆಯ ತಣ್ಣನೆಯ ಮೈಯಲ್ಲಿಯೂ ಬೆಳೆಯಬೇಕು. ಒಂದರಲ್ಲಿ ಲಾಭ ತರುವ ಬದಲಾವಣೆ ಇನ್ನೊಂದರಲ್ಲಿ ನಷ್ಟ ತಂದರೆ ಅದು ಉಳಿಯುವುದಿಲ್ಲ. ಅಷ್ಟಲ್ಲದೆ ಸೊಳ್ಳೆ ಹೀರುವ ರಕ್ತದ ಹನಿ ಬಹಳ ಸಣ್ಣದು; ಅದರಲ್ಲಿದ್ದ ವೈರಾಣುಗಳಲ್ಲಿ ಕೆಲವು ಮಾತ್ರ ಸೊಳ್ಳೆಯ ಕರುಳಿನ ಗೋಡೆ ದಾಟಿ, ಅದರ ಮೈಯೆಲ್ಲ ಹರಡಿ, ಜೊಲ್ಲುಗ್ರಂಥಿಯನ್ನು ಮುಟ್ಟಿ, ಮುಂದಿನ ಮನುಷ್ಯನಿಗೆ ದಾಟುತ್ತವೆ. ಕರುಳಿನ ಈ ಗೋಡೆಯೇ ನಮ್ಮ ಕಥೆಯ ಮುಖ್ಯ ಘಟ್ಟ.

ಚಿಕೂನ್‌ಗುನ್ಯವನ್ನು ಮೊದಲು ಗುರುತಿಸಿದ್ದು 1952-53ರಲ್ಲಿ, ಇಂದಿನ ಟಾಂಜಾನಿಯಾದ ದಕ್ಷಿಣ ಭಾಗದ ಮಕೊಂಡೆ ಪ್ರಸ್ಥಭೂಮಿಯಲ್ಲಿ. ಊರುಗಳಲ್ಲಿ ಅದನ್ನು ಹರಡುವ ಪ್ರಮುಖ ಸೊಳ್ಳೆ ಈಡಿಸ್ ಈಜಿಪ್ಟಿ, ಡೆಂಗಿಯನ್ನೂ ಹರಡುವ ಅದೇ ಸೊಳ್ಳೆ. ಅದು ಮನೆಯ ಒಳಗೂ ಹಿತ್ತಿಲಲ್ಲೂ ಶೇಖರಿಸಿಟ್ಟ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ, ಹಗಲಿನಲ್ಲಿ ಕಚ್ಚುತ್ತದೆ, ಮನುಷ್ಯನ ರಕ್ತವನ್ನೇ ಹೆಚ್ಚಾಗಿ ಬಯಸುತ್ತದೆ. 2004ರಲ್ಲಿ ಕೆನ್ಯಾದ ಲಾಮು ದ್ವೀಪದಲ್ಲಿ ಜನಸಂಖ್ಯೆಯ ಸುಮಾರು ಮುಕ್ಕಾಲು ಪಾಲಿಗೆ ಸೋಂಕು ತಗುಲಿದಾಗ ಅಲ್ಲಿದ್ದದ್ದು ಮಳೆಯಲ್ಲ, ಬರ. ನೀರಿಗೆ ತತ್ವಾರವಾಗಿ ಜನ ಮನೆಯಲ್ಲಿ ನೀರು ತುಂಬಿಸಿಟ್ಟುಕೊಂಡಿದ್ದರು. ಮಳೆ ಹೆಚ್ಚಾದರೆ ಸೊಳ್ಳೆ ಹೆಚ್ಚು ಎಂಬ ಸಾಮಾನ್ಯ ನಂಬಿಕೆ ಈ ಸೊಳ್ಳೆಯ ವಿಷಯದಲ್ಲಿ ಅರ್ಧ ಮಾತ್ರ ನಿಜ.

ಲಾಮುವಿನಿಂದ ವೈರಾಣು ಮೊಂಬಾಸಾ, ಕೊಮೊರೊಸ್ ದ್ವೀಪಗಳ ಮೂಲಕ 2005ರಲ್ಲಿ ಫ್ರಾನ್ಸಿಗೆ ಸೇರಿದ ರಿಯೂನಿಯನ್ ದ್ವೀಪವನ್ನು ತಲುಪಿತು. ಅಲ್ಲಿ ಈಡಿಸ್ ಈಜಿಪ್ಟಿ ವಿರಳ. ದ್ವೀಪವನ್ನು ತುಂಬಿದ್ದದ್ದು ಅದರ ದಾಯಾದಿಯಾದ ಈಡಿಸ್ ಆಲ್ಬೊಪಿಕ್ಟಸ್, ಮೈಮೇಲಿನ ಬಿಳಿ ಪಟ್ಟೆಗಳಿಂದಾಗಿ ಹುಲಿ ಸೊಳ್ಳೆ ಎಂದು ಕರೆಸಿಕೊಳ್ಳುವ ಜಾತಿ. ಇದು ತೋಟ, ಪೊದೆ, ಕಾಡಂಚುಗಳ ಸೊಳ್ಳೆ. ಮೊದಲ ತಿಂಗಳುಗಳಲ್ಲಿ ರೋಗ ನಿಧಾನವಾಗಿ ಸಾಗಿ, 2005ರ ಕೊನೆಯ ಹೊತ್ತಿಗೆ ಕೆಲವು ಸಾವಿರ ಜನರನ್ನಷ್ಟೇ ತಾಗಿತ್ತು. ಆಮೇಲೆ 2006ರ ಜನವರಿ-ಫೆಬ್ರವರಿಯಲ್ಲಿ ಅದು ಸ್ಫೋಟಿಸಿತು. ಒಂದೇ ವಾರದಲ್ಲಿ 40,000ಕ್ಕೂ ಹೆಚ್ಚು ಹೊಸ ರೋಗಿಗಳು. ಎಂಟು ಲಕ್ಷಕ್ಕಿಂತ ಸ್ವಲ್ಪ ಕಡಿಮೆ ಜನರಿದ್ದ ದ್ವೀಪದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಸೋಂಕು ತಗುಲಿತು.

ಮೊದಲ ತಿಂಗಳುಗಳ ಮಾದರಿಗಳನ್ನೂ ನಂತರದ ಮಾದರಿಗಳನ್ನೂ ಹೋಲಿಸಿ ನೋಡಿದ ಫ್ರೆಂಚ್ ವಿಜ್ಞಾನಿಗಳಿಗೆ ಒಂದು ವ್ಯತ್ಯಾಸ ಎದ್ದು ಕಂಡಿತು. ವೈರಾಣುವಿನ ಹೊರಕವಚದಲ್ಲಿ ಇ1 ಎಂಬ ಪ್ರೋಟೀನ್ ಇದೆ. ಅದರ 226ನೆಯ ಸ್ಥಾನದಲ್ಲಿ ಮೊದಲು ಅಲನಿನ್ ಎಂಬ ಅಮೈನೋ ಆಮ್ಲ (ಪ್ರೋಟೀನನ್ನು ಕಟ್ಟುವ ಘಟಕಗಳಲ್ಲಿ ಒಂದು) ಇತ್ತು, 2005ರ ಸೆಪ್ಟೆಂಬರ್‌ ನಂತರದ ಶೇ. 90ಕ್ಕೂ ಹೆಚ್ಚು ಮಾದರಿಗಳಲ್ಲಿ ಅಲ್ಲಿ ವ್ಯಾಲಿನ್ ಬಂದು ಕೂತಿತ್ತು. ಬರಹದಲ್ಲಿ ಆದದ್ದು ಒಂದಕ್ಷರದ ತಪ್ಪು: ಸಿ ಇರಬೇಕಾದಲ್ಲಿ ಯು. 2007ರಲ್ಲಿ ಅಮೆರಿಕದ ಗಾಲ್ವೆಸ್ಟನ್‌ನ ಪ್ರಯೋಗಾಲಯದಲ್ಲಿ ಕಾನ್‌ಸ್ಟಾಂಟಿನ್ ತ್ಸೆತ್ಸಾರ್ಕಿನ್ ಮತ್ತು ಅವರ ಸಹೋದ್ಯೋಗಿಗಳು ಈ ಒಂದು ಸ್ಥಾನದಲ್ಲಿ ಮಾತ್ರ ಬೇರೆಯಾಗಿರುವ ಎರಡು ವೈರಾಣುಗಳನ್ನು ತಯಾರಿಸಿ, ಎರಡೂ ಜಾತಿಯ ಸೊಳ್ಳೆಗಳಿಗೆ ಉಣಿಸಿ ನೋಡಿದರು. ಹುಲಿ ಸೊಳ್ಳೆಯಲ್ಲಿ ಬದಲಾದ ವೈರಾಣು ಹಳೆಯದಕ್ಕಿಂತ ಹತ್ತಾರು ಪಟ್ಟು ಕಡಿಮೆ ಪ್ರಮಾಣದಲ್ಲಿದ್ದರೂ ಕರುಳನ್ನು ಹೊಕ್ಕು ಸೋಂಕು ಉಂಟುಮಾಡುತ್ತಿತ್ತು, ಬೇಗ ಮೈಯೆಲ್ಲ ಹರಡುತ್ತಿತ್ತು. ಈಡಿಸ್ ಈಜಿಪ್ಟಿಯಲ್ಲಿ ಅದೇ ಬದಲಾವಣೆಯಿಂದ ಯಾವ ಲಾಭವೂ ಸಿಗಲಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಈ ಬದಲಾವಣೆ ವೈರಾಣುವನ್ನು ಮನುಷ್ಯರ ಪಾಲಿಗೆ ಹೆಚ್ಚು ಉಗ್ರವಾಗಿಸಿತು ಎಂದು ಈ ಪ್ರಯೋಗ ಹೇಳುವುದಿಲ್ಲ. ಅದು ಬದಲಿಸಿದ್ದು ವೈರಾಣು ಮತ್ತು ಒಂದು ಜಾತಿಯ ಸೊಳ್ಳೆಯ ನಡುವಿನ ನಂಟನ್ನು. ಹೆಚ್ಚು ಸೊಳ್ಳೆಗಳು ಸೋಂಕು ಹೊತ್ತಾಗ ಹೆಚ್ಚು ಜನ ಮಲಗುತ್ತಾರೆ, ಅಷ್ಟೆ.

ಈಗ ಕರ್ನಾಟಕದ ಎರಡು ಹಾವಳಿಗಳು ಅರ್ಥವಾಗುತ್ತವೆ. 2006ರಲ್ಲಿ ಕಲಬುರಗಿ, ತುಮಕೂರು ಮುಂತಾದ ಜಿಲ್ಲೆಗಳಲ್ಲಿ ರೋಗ ಹಬ್ಬಿದಾಗ ವೈರಾಣುವಿನ 226ನೆಯ ಸ್ಥಾನದಲ್ಲಿ ಹಳೆಯ ಅಲನಿನ್ ಹಾಗೆಯೇ ಇತ್ತು. ಬದಲಾಗುವ ಅಗತ್ಯವೇ ಇರಲಿಲ್ಲ. ನಲ್ಲಿಯಲ್ಲಿ ನಾಲ್ಕಾರು ದಿನಕ್ಕೊಮ್ಮೆ ನೀರು ಬರುವ ಊರುಗಳಲ್ಲಿ ಪ್ರತಿ ಮನೆಯಲ್ಲೂ ಡ್ರಮ್ಮು, ಹಂಡೆ, ಸಿಮೆಂಟು ತೊಟ್ಟಿ ತುಂಬಿಟ್ಟಿರುತ್ತವೆ, ಅವೆಲ್ಲ ಈಡಿಸ್ ಈಜಿಪ್ಟಿಯ ಸೊಗಸಾದ ತವರು. ಕೇರಳದಲ್ಲಿ 2007ರಲ್ಲಿ ದೊಡ್ಡ ಪ್ರಮಾಣದಲ್ಲಿ ರೋಗ ಕಾಣಿಸಿಕೊಂಡಾಗ ವೈರಾಣುವಿನಲ್ಲಿ ವ್ಯಾಲಿನ್ ಇತ್ತು. ಮಳೆ ಸುರಿಯುವ, ಹಸಿರು ದಟ್ಟವಾದ, ರಬ್ಬರ್ ತೋಟಗಳ ಆ ನಾಡಿನಲ್ಲಿ ಮೇಲುಗೈ ಹುಲಿ ಸೊಳ್ಳೆಯದು. ರಬ್ಬರ್ ಹಾಲು ಇಳಿಸಲು ಮರಕ್ಕೆ ಕಟ್ಟಿದ ಚಿಪ್ಪುಗಳು ಮಳೆಗಾಲದಲ್ಲಿ ಟ್ಯಾಪಿಂಗ್ ನಿಂತಾಗ ನೀರು ತುಂಬಿ ನಿಲ್ಲುತ್ತವೆ. ಅಲ್ಲಿಂದ ಗಡಿ ದಾಟಿದರೆ ದಕ್ಷಿಣ ಕನ್ನಡ: ಅದೇ ರಬ್ಬರ್, ಅದರ ಜೊತೆಗೆ ಅಡಿಕೆ. ತೋಟದಲ್ಲಿ ಉದುರಿ ಬಿದ್ದ ಅಡಿಕೆ ಹಾಳೆಯ ಮಡಿಲಲ್ಲಿ ನಿಂತ ಒಂದು ಬೊಗಸೆ ಮಳೆನೀರು ನೂರಾರು ಮರಿಹುಳುಗಳಿಗೆ ಸಾಕು. ತೆಂಗಿನ ಗೆರಟೆ, ಕೊಕ್ಕೋ ಕಾಯಿಯ ಸಿಪ್ಪೆಗಳೂ ಹಾಗೆಯೇ. 2008ರಲ್ಲಿ ಕರಾವಳಿಯಲ್ಲಿ ಕಂಡದ್ದು ಈ ಪರಿಸರಕ್ಕೆ ಹೊಂದುವ ವೈರಾಣು. ಬಯಲುಸೀಮೆಯಲ್ಲಿ ತೊಟ್ಟಿಗೆ ಮುಚ್ಚಳ ಹಾಕಿಸಿ, ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿಸುವ ಉಪಾಯ ಕರಾವಳಿಯ ತೋಟದಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದು. ಅಲ್ಲಿ ಹಾಳೆ ಹೆಕ್ಕಬೇಕು, ಚಿಪ್ಪು ಕವುಚಿ ಹಾಕಬೇಕು. ಇಡೀ ರಾಜ್ಯಕ್ಕೆ ಒಂದೇ ಕರಪತ್ರ ಅಚ್ಚುಹಾಕಿ ಹಂಚುವ ನಮ್ಮ ಪದ್ಧತಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನೂ ಕುತೂಹಲದ ಸಂಗತಿಯೆಂದರೆ, ರಿಯೂನಿಯನ್‌ನ ವೈರಾಣು ಕೇರಳಕ್ಕೆ ಬಂದು ಈ ಬದಲಾವಣೆಯನ್ನು ತಂದದ್ದಲ್ಲ. ವಂಶವೃಕ್ಷ ಕಟ್ಟಿ ನೋಡಿದಾಗ, ಹಿಂದೂ ಮಹಾಸಾಗರದ ದ್ವೀಪಗಳಲ್ಲಿ, ಭಾರತದಲ್ಲಿ ಮತ್ತು ಮಧ್ಯ ಆಫ್ರಿಕಾದ ಗ್ಯಾಬೊನ್-ಕ್ಯಾಮರೂನ್ ಭಾಗದಲ್ಲಿ ಅದೇ ಸ್ಥಾನದಲ್ಲಿ ಅದೇ ಅಕ್ಷರ ಪ್ರತ್ಯೇಕವಾಗಿ ಬದಲಾಗಿರುವುದು ಕಂಡಿತು. ಎಲ್ಲೆಲ್ಲಿ ಹುಲಿ ಸೊಳ್ಳೆಯ ಮೇಲುಗೈ ಇತ್ತೋ ಅಲ್ಲಲ್ಲಿ ಆ ತಪ್ಪು ಗೆದ್ದಿತು. 2009ರಲ್ಲಿ ಕೇರಳದಲ್ಲಿಯೇ ಇ2 ಎಂಬ ಇನ್ನೊಂದು ಪ್ರೋಟೀನಿನ 210ನೆಯ ಸ್ಥಾನದಲ್ಲಿ ಮತ್ತೊಂದು ಬದಲಾವಣೆ ಕಾಣಿಸಿಕೊಂಡು, ಹುಲಿ ಸೊಳ್ಳೆಯಲ್ಲಿ ಮೊದಲಿನದಕ್ಕಿಂತ ಇನ್ನಷ್ಟು ಅನುಕೂಲವನ್ನು ಒದಗಿಸಿತು. ಅದಕ್ಕೂ ಮೊದಲೇ, 226ನೆಯ ಸ್ಥಾನದಲ್ಲಿ ಬದಲಾಗಿದ್ದ ವೈರಾಣು 2007ರ ಬೇಸಿಗೆಯಲ್ಲಿ ಕೇರಳದಿಂದ ಹೋದ ಒಬ್ಬ ಪ್ರಯಾಣಿಕರ ಮೂಲಕ ಇಟಲಿಯ ರವೆನ್ನಾ ಪ್ರಾಂತ್ಯದ ಎರಡು ಹಳ್ಳಿಗಳನ್ನು ತಲುಪಿ, ಇನ್ನೂರಕ್ಕೂ ಹೆಚ್ಚು ಜನರನ್ನು ತಾಗಿತು. ಚಳಿಯನ್ನು ತಡೆಯಬಲ್ಲ ಮೊಟ್ಟೆಗಳ ಹುಲಿ ಸೊಳ್ಳೆ ಹಳೆಯ ಟಯರುಗಳ ವ್ಯಾಪಾರದ ಬೆನ್ನೇರಿ ಅಷ್ಟು ಹೊತ್ತಿಗಾಗಲೇ ಇಟಲಿಯಲ್ಲಿ ಸಂಸಾರ ಹೂಡಿತ್ತು.

ಹಾಗಿದ್ದರೆ ಹುಲಿ ಸೊಳ್ಳೆಯ ತವರಾದ ಆಗ್ನೇಯ ಏಷ್ಯಾದಲ್ಲಿ ಈ ಬದಲಾವಣೆ ಏಕೆ ಮೊದಲೇ ಬರಲಿಲ್ಲ? ಏಷ್ಯಾದ ವಂಶದ ಚಿಕೂನ್‌ಗುನ್ಯ ಅಲ್ಲಿ 1950ರ ದಶಕದಿಂದಲೂ ಇದೆ. ದಶಕಗಟ್ಟಲೆ ಕಾಲ, ಎಲ್ಲೆಡೆ ಹುಲಿ ಸೊಳ್ಳೆ, ಆದರೂ ವೈರಾಣು ಅದಕ್ಕೆ ಹೊಂದಿಕೊಳ್ಳಲಿಲ್ಲ. ಇದಕ್ಕೆ ಉತ್ತರ 2011ರಲ್ಲಿ ಸಿಕ್ಕಿತು. ಇ1 ಪ್ರೋಟೀನಿನ 98ನೆಯ ಸ್ಥಾನದಲ್ಲಿ ಆಫ್ರಿಕಾದ ವಂಶಕ್ಕೆ ಅಲನಿನ್ ಇದೆ, ಏಷ್ಯಾದ ವಂಶಕ್ಕೆ ಥ್ರಿಯೊನಿನ್ ಇದೆ. ಆ ಥ್ರಿಯೊನಿನ್ ಇರುವಲ್ಲಿ 226ನೆಯ ಸ್ಥಾನದ ಬದಲಾವಣೆ ಆದರೂ ವೈರಾಣುವಿಗೆ ಏನೂ ಗಿಟ್ಟುವುದಿಲ್ಲ. ಬಹುಶಃ ಏಷ್ಯಾಕ್ಕೆ ಮೊದಲು ಬಂದಿಳಿದ ಕೆಲವೇ ವೈರಾಣುಗಳಲ್ಲಿ ಆ ಅಕ್ಷರ ಇದ್ದದ್ದು ಬರೀ ಆಕಸ್ಮಿಕ. ಆ ಆಕಸ್ಮಿಕವೇ ಅದರ ಸಂತತಿಯ ಮುಂದಿನ ಹಾದಿಯನ್ನು ಮುಚ್ಚಿತು. ಒಂದು ಜಾಗದ ಹಾವಳಿ ಇನ್ನೊಂದಕ್ಕಿಂತ ಬೇರೆಯಾಗಲು ಹವಾಮಾನ, ಸೊಳ್ಳೆ, ಜನಸಾಂದ್ರತೆಗಳಂಥ ಕಾರಣಗಳ ಜೊತೆಗೆ ಅಲ್ಲಿಗೆ ಮೊದಲು ಬಂದವರು ಯಾರು ಎಂಬುದೂ ಸೇರುತ್ತದೆ.

ಮನುಷ್ಯರ ಮೈಯಲ್ಲಿ ಉಳಿದಿರುವ ನೆನಪೂ ಇನ್ನೊಂದು ಕಾರಣ. ಚಿಕೂನ್‌ಗುನ್ಯ ಒಮ್ಮೆ ಬಂದವರಿಗೆ ಬಹುಕಾಲ ರಕ್ಷಣೆ ಇರುತ್ತದೆ. ಡೆಂಗಿಯಲ್ಲಿರುವಂತೆ ನಾಲ್ಕು ಬಗೆಗಳಾಗಿ ಒಂದರ ರಕ್ಷಣೆ ಇನ್ನೊಂದಕ್ಕೆ ಸಲ್ಲದಿರುವ ತೊಡಕು ಇಲ್ಲಿಲ್ಲ. 2006ರ ಹೊತ್ತಿಗೆ ಭಾರತದಲ್ಲಿ ಮೂವತ್ತು ವರ್ಷದೊಳಗಿನವರು ಯಾರೂ ಈ ವೈರಾಣುವಿನ ದೊಡ್ಡ ಹಾವಳಿಯನ್ನು ಕಂಡಿರಲೇ ಇಲ್ಲ. 2013ರ ಡಿಸೆಂಬರ್‌ನಲ್ಲಿ ಕೆರಿಬಿಯನ್ನಿನ ಸೇಂಟ್ ಮಾರ್ಟಿನ್ ದ್ವೀಪವನ್ನು ಮುಟ್ಟಿದ್ದು, 98ನೆಯ ಸ್ಥಾನದ ತಡೆಯನ್ನು ಹೊತ್ತಿದ್ದ ಆ ಏಷ್ಯಾದ ವಂಶವೇ. ಹೊಸ ಬದಲಾವಣೆ ಯಾವುದೂ ಬೇಕಾಗಲಿಲ್ಲ: ಈಡಿಸ್ ಈಜಿಪ್ಟಿ ಎಲ್ಲೆಡೆ ಇತ್ತು, ರಕ್ಷಣೆ ಯಾರಿಗೂ ಇರಲಿಲ್ಲ, ವರ್ಷದೊಳಗೆ ಅಮೆರಿಕ ಖಂಡಗಳಲ್ಲಿ ಶಂಕಿತ ಪ್ರಕರಣಗಳು ಹತ್ತು ಲಕ್ಷ ದಾಟಿದವು. ಹೊಸ ತಳಿ ಎಂಬ ಮಾತನ್ನು ಪ್ರತಿ ಹಾವಳಿಗೂ ಅಂಟಿಸುವವರು ಈ ಉದಾಹರಣೆಯನ್ನು ಗಮನಿಸಬೇಕು. ನಮ್ಮ ಮಂಗನ ಕಾಯಿಲೆಯೂ ಹೀಗೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ವೈರಾಣು 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೆ ಹರಡಿರುವುದಕ್ಕೆ ಕಾರಣ ಹುಡುಕುವವರು ಅಕ್ಷರದ ಬದಲಾವಣೆಗಿಂತ ಮೊದಲು ನೋಡಬೇಕಾದದ್ದು ಅದನ್ನು ಹರಡುವ ಉಣ್ಣೆಹುಳುಗಳನ್ನು, ಕಾಡಿನಂಚಿನಲ್ಲಿ ಮೇಯುವ ದನಗಳನ್ನು, ಸೊಪ್ಪು-ದರಗು ತರಲು ಕಾಡಿಗೆ ಹೋಗುವ ಜನರನ್ನು.

ಕೊನೆಗೆ, ಎರಡು ಊರುಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಒಂದು ಪಾಲು ವೈರಾಣುವಿನದೂ ಅಲ್ಲ, ಸೊಳ್ಳೆಯದೂ ಅಲ್ಲ, ಲೆಕ್ಕ ಬರೆಯುವವರದು. ರಿಯೂನಿಯನ್‌ನಲ್ಲಿ ಪ್ರಯೋಗಾಲಯದ ಪರೀಕ್ಷೆಗಳು ಕೈಗೆಟುಕುತ್ತಿದ್ದವು, ಮರಣಪತ್ರದಲ್ಲಿ ಕಾರಣ ನಮೂದಿಸುವ ಕ್ರಮ ಗಟ್ಟಿಯಾಗಿತ್ತು. 2005-06ರ ಹಾವಳಿಯಲ್ಲಿ ಇನ್ನೂರಕ್ಕೂ ಹೆಚ್ಚು ಮರಣಪತ್ರಗಳಲ್ಲಿ ಚಿಕೂನ್‌ಗುನ್ಯದ ಹೆಸರು ಬಂದಿತು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನರಿಗೆ ಜ್ವರ ಬಂದ ಭಾರತದ ಅಧಿಕೃತ ಲೆಕ್ಕದಲ್ಲಿ 2006ರಲ್ಲಿ ಚಿಕೂನ್‌ಗುನ್ಯದಿಂದಲೇ ಆದ ಸಾವು ಒಂದೂ ಇಲ್ಲ. ಅಹಮದಾಬಾದಿನ ಸಂಶೋಧಕರು ನಗರದ ಜನನ-ಮರಣ ನೋಂದಣಿಯನ್ನು ತೆರೆದು, 2006ರ ಆಗಸ್ಟ್‌ನಿಂದ ನವೆಂಬರ್‌ವರೆಗಿನ ಸಾವುಗಳನ್ನು ಹಿಂದಿನ ವರ್ಷಗಳ ಅದೇ ತಿಂಗಳುಗಳೊಂದಿಗೆ ಹೋಲಿಸಿದರು. ನಿರೀಕ್ಷೆಗಿಂತ 2,944 ಸಾವುಗಳು ಹೆಚ್ಚಾಗಿದ್ದವು, ಮತ್ತು ಆ ಏರಿಕೆ ನಗರದಲ್ಲಿ ಜ್ವರ ಏರಿದ ಕಾಲಕ್ಕೆ ಸರಿಯಾಗಿ ಹೊಂದುತ್ತಿತ್ತು. ಅವುಗಳಲ್ಲಿ ಎಷ್ಟು ಈ ವೈರಾಣುವಿಗೆ ಸೇರಿದವು ಎಂದು ಬಿಡಿಸಿ ಹೇಳಲು ಸತ್ತವರ ರಕ್ತದ ಪರೀಕ್ಷೆ ಆಗಿರಬೇಕಿತ್ತು. ನೋಂದಣಿಯ ಪುಸ್ತಕದಲ್ಲಿ ಇದ್ದದ್ದು ಸಾವಿನ ಎಣಿಕೆ ಮಾತ್ರ.